ಜಗತ್ತಿಗೆ ಮೊದಲ ದಿನ ಅಂತ ಒಂದಿತ್ತೇ? ಪ್ಯಾರಿಸ್‌ನ ಹಳೆಯ ವಾದ

ಜಗತ್ತು ಯಾವತ್ತೋ ಒಂದು ದಿನ ಶುರುವಾಯಿತೇ, ಇಲ್ಲಾ ಯಾವಾಗಲೂ ಇತ್ತೇ? 13ನೇ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದರು. ಕ್ರೈಸ್ತರ ಬೈಬಲ್ ಶುರುವಾಗುವುದೇ ದೇವರು ಆಕಾಶ, ಭೂಮಿಗಳನ್ನು ಸೃಷ್ಟಿಸಿದ ಎಂಬ ಮಾತಿನಿಂದ. ಆದರೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬೇರೆಯೇ ಹೇಳಿದ್ದ. ಒಂದು ಚಲನೆ ಶುರುವಾಗಬೇಕಾದರೆ ಅದಕ್ಕೂ ಮೊದಲು ಇನ್ನೊಂದು ಬದಲಾವಣೆ ನಡೆದಿರಲೇಬೇಕು, ಹಾಗಾಗಿ ಚಲನೆಗೆ ಮೊದಲಿಲ್ಲ, ಜಗತ್ತಿಗೂ ಮೊದಲಿಲ್ಲ ಎಂಬುದು ಅವನ ವಾದ.

ಅರಿಸ್ಟಾಟಲ್‌ನ ಎಷ್ಟೋ ಪುಸ್ತಕಗಳು ಪಶ್ಚಿಮ ಯುರೋಪಿನವರ ಕೈಗೆ ಸಿಕ್ಕಿದ್ದು 12ನೇ ಶತಮಾನದಲ್ಲಿ. ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್‌ನಂಥವರು ಅವನ್ನು ಅರಬ್ಬಿಯಿಂದ ಲ್ಯಾಟಿನ್‌ಗೆ ತಂದರು. ಆಮೇಲೆ ಕಾರ್ಡೊಬಾದ ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಅವಕ್ಕೆ ಬರೆದ ವ್ಯಾಖ್ಯಾನಗಳೂ ಬಂದವು. ಚರ್ಚಿಗೆ ದಿಗಿಲಾಯಿತು. ಅರಿಸ್ಟಾಟಲ್‌ನ ಪ್ರಕೃತಿ ವಿಜ್ಞಾನದ ಪುಸ್ತಕಗಳನ್ನು ಪಾಠ ಮಾಡಕೂಡದು ಎಂದು 1210ರಲ್ಲಿ ಪ್ಯಾರಿಸ್‌ನಲ್ಲಿ ಆಜ್ಞೆಯಾಯಿತು. 1255ರ ಹೊತ್ತಿಗೆ ಅವೇ ಪುಸ್ತಕಗಳು ಅಲ್ಲಿನ ಕಲಾ ವಿಭಾಗದಲ್ಲಿ ಕಡ್ಡಾಯ ಪಠ್ಯವಾಗಿದ್ದವು!

ಈ ವಾದದಲ್ಲಿ ನನಗೆ ತುಂಬ ಇಷ್ಟವಾಗುವುದು ಇಬ್ಬರು ಸನ್ಯಾಸಿಗಳ ಭಿನ್ನಮತ. ಫ್ರಾನ್ಸಿಸ್ಕನ್ ಪಂಥದ ಬೊನಾವೆಂಚರ್, ಡೊಮಿನಿಕನ್ ಪಂಥದ ಥಾಮಸ್ ಅಕ್ವಿನಾಸ್. ಇಬ್ಬರೂ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಜಗತ್ತಿಗೆ ಆದಿ ಇದೆ ಎಂದು ಇಬ್ಬರೂ ನಂಬಿದ್ದರು. ಅದನ್ನು ತರ್ಕದಿಂದ ಸಾಬೀತು ಮಾಡಬಹುದೇ ಎಂಬಲ್ಲಿ ಮಾತ್ರ ದಾರಿ ಬೇರೆಯಾಯಿತು.

ಮಾಡಬಹುದು ಎಂದರು ಬೊನಾವೆಂಚರ್. ಜಗತ್ತಿಗೆ ಆದಿ ಇಲ್ಲದಿದ್ದರೆ ಇವತ್ತಿಗೆ ಮೊದಲು ಅನಂತ ದಿನಗಳು ಕಳೆದಿರಬೇಕು. ಆದರೆ ಅನಂತವನ್ನು ದಾಟಿ ಮುಗಿಸಲು ಆಗುವುದಿಲ್ಲ. ಹಾಗಿದ್ದರೆ ಇವತ್ತು ಎಂಬುದು ಬರುತ್ತಲೇ ಇರಲಿಲ್ಲ. ಸರಿ ಅನ್ನಿಸುತ್ತದೆ, ಅಲ್ವಾ?

ಥಾಮಸ್ ಒಪ್ಪಲಿಲ್ಲ. ದಾಟುವುದು ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು. ಹಿಂದಿನ ಯಾವ ದಿನವನ್ನೇ ಆರಿಸಿಕೊಳ್ಳಿ, ಅಲ್ಲಿಂದ ಇವತ್ತಿಗೆ ಇರುವುದು ಎಣಿಸಬಹುದಾದಷ್ಟೇ ದಿನ. ಬೊನಾವೆಂಚರ್ ವಾದ ನಿಲ್ಲಬೇಕಾದರೆ ಅನಂತ ದೂರದಲ್ಲಿ ಒಂದು ‘ಮೊದಲ ದಿನ’ ಇರಬೇಕು. ಆದಿಯೇ ಇಲ್ಲ ಎನ್ನುವವರು ಅಂಥ ದಿನ ಇತ್ತು ಅಂತ ಹೇಳುತ್ತಲೇ ಇಲ್ಲವಲ್ಲ! ಅನಂತದ ಗಣಿತ ಇನ್ನೂ ಹುಟ್ಟಿರದ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದು ಸಣ್ಣ ಸಂಗತಿಯಲ್ಲ.

ಸೃಷ್ಟಿ ಎಂದರೆ ಏನು ಎಂಬುದನ್ನೂ ಥಾಮಸ್ ಬಿಡಿಸಿ ನೋಡಿದರು. ಅದಕ್ಕೆ ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನ್ ಬರೆದಿಟ್ಟಿದ್ದ ಒಂದು ಹಳೆಯ ಉದಾಹರಣೆ ನೆರವಾಯಿತು. ಒಂದು ಪಾದ ಎಂದೆಂದಿನಿಂದಲೂ ಮಣ್ಣಿನ ಮೇಲೆ ಊರಿಕೊಂಡಿದೆ ಅಂದುಕೊಳ್ಳಿ. ಅದರ ಕೆಳಗಿನ ಗುರುತೂ ಎಂದೆಂದಿನಿಂದ ಇದೆ. ಆದರೂ ಆ ಗುರುತು ಮೂಡಿರುವುದು ಪಾದದಿಂದಲೇ. ಹಾಗೆಯೇ, ಜಗತ್ತು ಯಾವಾಗಲೂ ಇದ್ದಿದ್ದರೂ ಅದು ದೇವರನ್ನೇ ಆಧರಿಸಿ ನಿಂತಿರಬಹುದು. ಹೀಗಾಗಿ, ಜಗತ್ತಿಗೆ ಆದಿ ಇದೆ ಎಂಬುದು ನಂಬಿಕೆಯಿಂದ ತಿಳಿಯುವ ಮಾತು, ತರ್ಕ ಅದನ್ನು ತೋರಿಸಿಕೊಡಲಾರದು ಎಂದರು ಥಾಮಸ್. ಅರಿಸ್ಟಾಟಲ್‌ನ ವಾದವೂ ಸಾಬೀತಾದದ್ದಲ್ಲ ಎಂದರು. ದುರ್ಬಲ ಪುರಾವೆ ಹಿಡಿದು ನಂಬಿಕೆಯನ್ನು ಸಮರ್ಥಿಸಲು ಹೋದರೆ ನಂಬದವರು ನಗುತ್ತಾರೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ತನ್ನ ಪಕ್ಷದ ಪರವಾಗಿರುವ ವಾದವನ್ನೇ ಸರಿಯಿಲ್ಲ ಎಂದು ಕೈಬಿಡುವುದಕ್ಕೆ ಜಾಸ್ತಿ ಧೈರ್ಯ ಬೇಕು.

1274ರ ಮಾರ್ಚ್ 7ರಂದು ಥಾಮಸ್ ತೀರಿಕೊಂಡರು. ಸರಿಯಾಗಿ 3 ವರ್ಷಕ್ಕೆ, 1277ರ ಮಾರ್ಚ್ 7ರಂದು, ಪ್ಯಾರಿಸ್‌ನ ಬಿಷಪ್ ಎತಿಯೆನ್ ತಾಂಪಿಯೇ, ಹೆಚ್ಚಾಗಿ ಅರಿಸ್ಟಾಟಲ್‌ನ ಪ್ರಭಾವದಿಂದ ಹುಟ್ಟಿದ್ದ 219 ಹೇಳಿಕೆಗಳನ್ನು ನಿಷೇಧಿಸಿದರು. ಅವನ್ನು ಕಲಿಸಿದವರಿಗಷ್ಟೇ ಅಲ್ಲ, ಸುಮ್ನೆ ಕೂತು ಕೇಳಿದವರಿಗೂ ಚರ್ಚಿನಿಂದ ಬಹಿಷ್ಕಾರ. 7 ದಿನದೊಳಗೆ ಬಂದು ಹೇಳಿಕೊಂಡರೆ ಮಾತ್ರ ಬಚಾವು. ಥಾಮಸರ ಕೆಲವು ವಿಚಾರಗಳಿಗೂ ಇದರ ಬಿಸಿ ತಟ್ಟಿತು. ಅವರನ್ನು ಸಂತರೆಂದು ಘೋಷಿಸಿದ ಮೇಲೆ, 1325ರಲ್ಲಿ, ಅವರ ಮಟ್ಟಿಗೆ ನಿಷೇಧ ಹಿಂದಕ್ಕೆ ಹೋಯಿತು.

ಆ ಪಟ್ಟಿಯಲ್ಲಿ ‘ದೇವರು ಹಲವು ಜಗತ್ತುಗಳನ್ನು ಮಾಡಲಾರ’, ‘ಆಕಾಶವನ್ನು ನೇರ ಸಾಲಿನಲ್ಲಿ ಸರಿಸಲಾರ, ಸರಿಸಿದರೆ ನಿರ್ವಾತ (ಏನೂ ಇಲ್ಲದ ಖಾಲಿ ಜಾಗ) ಉಳಿಯುತ್ತದೆ’ ಎಂಬಂಥ ಮಾತುಗಳೂ ಇದ್ದವು. ಹೀಗೆ ಹೇಳುವುದು ತಪ್ಪು ಎಂದಾದ ಮೇಲೆ, ನಿರ್ವಾತ ಇದ್ದರೆ ಹೇಗಿರುತ್ತದೆ, ಇನ್ನೊಂದು ಜಗತ್ತಿದ್ದರೆ ಅಲ್ಲಿ ಕಲ್ಲು ಯಾವ ಕಡೆ ಬೀಳುತ್ತದೆ ಎಂದು ಯೋಚಿಸಲು ದಾರಿಯಾಯಿತು. ಆಧುನಿಕ ವಿಜ್ಞಾನ ಹುಟ್ಟಿದ್ದೇ ಈ ನಿಷೇಧದಿಂದ ಎಂದು ಫ್ರಾನ್ಸಿನ ಭೌತವಿಜ್ಞಾನಿ ಪಿಯೇರ್ ದ್ಯುಯೆಮ್ ವಾದಿಸಿದ್ದರು. ಅದು ಅತಿಯಾಯಿತು ಎಂದೇ ನನಗನ್ನಿಸುತ್ತದೆ. ಬೆದರಿಕೆಯಿಂದ ವಿಜ್ಞಾನ ಬೆಳೆಯುವುದಿಲ್ಲ. ಆದರೂ ಮುಂದಿನ ಶತಮಾನದಲ್ಲಿ ನಿಕೋಲ್ ಒರೆಮ್ ಎಂಬ ಪಾದ್ರಿ ಭೂಮಿ ದಿನಕ್ಕೊಮ್ಮೆ ತಿರುಗುತ್ತಿರಬಹುದೇ ಎಂದು ಕೂಲಂಕಷವಾಗಿ ಪರಿಶೀಲಿಸಿದ. ಅನುಭವದಿಂದಾಗಲಿ ತರ್ಕದಿಂದಾಗಲಿ ಅದನ್ನು ಅಲ್ಲಗಳೆಯಲು ಆಗದು ಎಂದು 1377ರಲ್ಲಿ ಬರೆದ. ಕೊನೆಗೆ, ತಿರುಗುವುದು ಆಕಾಶವೇ ಎಂಬ ಪಕ್ಷಕ್ಕೇ ನಿಂತ.

ನಂಬಿಕೆಗೂ ತರ್ಕಕ್ಕೂ ನಡುವೆ ಥಾಮಸ್ ಎಳೆದ ಗೆರೆ 20ನೇ ಶತಮಾನದಲ್ಲೂ ಕೆಲಸಕ್ಕೆ ಬಂತು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿ, 1931ರಲ್ಲಿ ಅದು ಒಂದು ಆದಿ ಪರಮಾಣುವಿನಿಂದ ಶುರುವಾಗಿರಬಹುದು ಎಂದು ಸೂಚಿಸಿದ ಬೆಲ್ಜಿಯಂನ ಜಾರ್ಜ್ ಲಮೆತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ಈ ಹೊಸ ವಿಜ್ಞಾನವು ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎಂಬರ್ಥದಲ್ಲಿ ಭಾಷಣ ಮಾಡಿದಾಗ ಲಮೆತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳ ಆಚೆಗಿನದು, ದೇವರನ್ನು ನಂಬುವವರೂ ನಂಬದವರೂ ಅದನ್ನು ಒಪ್ಪಬಹುದು ಎಂಬುದು ಆ ಪಾದ್ರಿಯ ನಿಲುವಾಗಿತ್ತು.