ಗೋಧಿ ಬಿಟ್ಟ ಮೇಲೆ ಗೆಡ್ಡೆ ಗೆಣಸು ಎಷ್ಟು ಕೆಲಸಕ್ಕೆ ಬರುತ್ತೆ?

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಕಾಯಿಲೆ. ಎಂಟು ತಿಂಗಳಿಂದ ಚಪಾತಿ, ಬ್ರೆಡ್, ರವೆ ಎಲ್ಲ ನಿಲ್ಲಿಸಿದ್ದೇವೆ. ಭೇದಿ ನಿಂತಿದೆ, ತೂಕವೂ ಏರಿದೆ. ಆದರೆ ಈಗ ಮಲಬದ್ಧತೆ, ಹೊಟ್ಟೆಯುಬ್ಬರ. ಗೆಡ್ಡೆ ತರಕಾರಿಗಳು ಪ್ರಿಬಯಾಟಿಕ್, ಕರುಳನ್ನು ಸರಿ ಮಾಡುತ್ತವೆ ಅಂತಾರೆ. ನಿಜವೇ? ಯಾವುದನ್ನು ಕೊಡಲಿ?

ಅರ್ಧ ನಿಜ. ಕೊಡಿ, ಖಂಡಿತ ಕೊಡಿ. ಆದರೆ ಕರುಳನ್ನು ಸರಿ ಮಾಡುತ್ತಿರುವುದು ಗೆಡ್ಡೆ ಅಲ್ಲ, ನೀವು ಗೋಧಿ ನಿಲ್ಲಿಸಿದ್ದು.

ಇದಕ್ಕೆ ಒಂದು ಹಳೇ ಕಥೆ ಇದೆ. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಯುದ್ಧದಿಂದಾಗಿ ಭಾರೀ ಬರಗಾಲ. ಬ್ರೆಡ್ ಸಿಗುತ್ತಿರಲಿಲ್ಲ. ಜನ ಟ್ಯುಲಿಪ್ ಹೂವಿನ ಗೆಡ್ಡೆ, ಸಕ್ಕರೆ ಬೀಟ್ ಬೇಯಿಸಿ ತಿಂದು ಜೀವ ಹಿಡಿದುಕೊಂಡರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಮತ್ತೆ ಬ್ರೆಡ್ ಬಂತು, ಕಾಯಿಲೆಯೂ ಬಂತು. ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರಿಗೆ ಗೋಧಿಯ ಮೇಲೆ ಮೊದಲೇ ಅನುಮಾನ ಇತ್ತು, ಈಗ ಅದು ಗಟ್ಟಿಯಾಯಿತು. ಆ ಮಕ್ಕಳನ್ನು ಉಳಿಸಿದ್ದು ತಟ್ಟೆಯಲ್ಲಿದ್ದ ಗೆಡ್ಡೆ ಅಲ್ಲ, ತಟ್ಟೆಯಲ್ಲಿ ಇಲ್ಲದ ಬ್ರೆಡ್.

ಕಾರಣ ಸರಳ. ಸೀಲಿಯಾಕ್‌ನಲ್ಲಿ ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್‌ನಿಂದ ಪೆಟ್ಟು ಬೀಳುವುದು ಸಣ್ಣ ಕರುಳಿಗೆ. ಅದರ ಒಳಗೋಡೆಯಲ್ಲಿ ಟರ್ಕಿ ಟವೆಲಿನ ಎಳೆಗಳ ಹಾಗೆ ಎದ್ದು ನಿಂತಿರುವ ವಿಲ್ಲೈಗಳು ಸವೆದು ಮಟ್ಟಸವಾಗಿಬಿಡುತ್ತವೆ. ಪ್ರಿಬಯಾಟಿಕ್ ಕೆಲಸ ಮಾಡುವುದು ಮುಖ್ಯವಾಗಿ ಅದರಾಚೆ, ದೊಡ್ಡ ಕರುಳಿನಲ್ಲಿ. ನಮಗೆ ಜೀರ್ಣವಾಗದ ನಾರು ಅಲ್ಲಿಯ ಒಳ್ಳೇ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ, ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಆಹಾರ.

ಹಾಗಾದರೆ ಗೆಡ್ಡೆ ಯಾಕೆ ಬೇಕು? ಗೋಧಿ ಹೋದಾಗ ಗ್ಲೂಟೆನ್ ಒಂದೇ ಹೋಗುವುದಿಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಬಲು ಇಷ್ಟವಾದ ಇನುಲಿನ್ ಎಂಬ ನಾರೂ ಹೋಗುತ್ತದೆ. ಅಮೆರಿಕನ್ನರ ಊಟದಲ್ಲಿ ಇನುಲಿನ್‌ನ ಸುಮಾರು 70% ಬರುವುದು ಗೋಧಿಯಿಂದಲೇ ಎಂದು ಲೆಕ್ಕ ಹಾಕಿದ್ದಾರೆ. ಉಳಿದದ್ದರಲ್ಲಿ ಬಹುಪಾಲು ಈರುಳ್ಳಿಯದು. ನಮ್ಮ ಮುದ್ದೆ, ಅನ್ನದ ಮನೆಗಳಲ್ಲಿ ಲೆಕ್ಕ ಬೇರೆ ಇರುತ್ತದೆ, ಸರಿ. ಆದರೆ ಮೂರು ಹೊತ್ತೂ ಚಪಾತಿ ತಿನ್ನುತ್ತಿದ್ದ ಮಗು ಬಿಳಿ ಅನ್ನ, ಅಕ್ಕಿಹಿಟ್ಟು, ಅಂಗಡಿಯ ಗ್ಲೂಟೆನ್-ಫ್ರೀ ಬಿಸ್ಕತ್ತಿಗೆ ಇಳಿದರೆ ನಾರು ತೀರಾ ಕಮ್ಮಿಯಾಗುತ್ತದೆ. ನಿಮ್ಮ ಮಗಳ ಮಲಬದ್ಧತೆಗೆ ಇದೇ ಕಾರಣ ಇರಬಹುದು. ಆದರೂ ವೈದ್ಯರಿಗೆ ಒಂದು ಮಾತು ಹೇಳಿ. ಸೀಲಿಯಾಕ್ ಇದ್ದವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ಅದರಿಂದಲೂ ಮಲಬದ್ಧತೆ ಬರುತ್ತದೆ.

ಈಗ ಯಾವ ಗೆಡ್ಡೆ ಅನ್ನೋದು. ನೆಲದಡಿ ಬೆಳೆದದ್ದೆಲ್ಲ ಒಂದೇ ಅಲ್ಲ. ಇನುಲಿನ್ ಬೇಕು ಅಂದರೆ ಈರುಳ್ಳಿ, ಬೆಳ್ಳುಳ್ಳಿ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಯಲ್ಲಿ ಒಳ್ಳೇ ನಾರಿದೆ, ಮಲ ಸಲೀಸಾಗಲು ಸಾಕು, ಆದರೆ ಇನುಲಿನ್‌ಗಾಗಿ ಅವುಗಳ ಹಿಂದೆ ಬೀಳಬೇಕಿಲ್ಲ. ಆಲೂಗಡ್ಡೆ ಕಥೆ ಮಜವಾಗಿದೆ. ಬಿಸಿಬಿಸಿಯಾಗಿ ತಿಂದರೆ ಅದರ ಪಿಷ್ಟ ಬೇಗ ಜೀರ್ಣವಾಗಿ ಹೋಗುತ್ತದೆ. ಬೇಯಿಸಿ ಪೂರ್ತಿ ತಣ್ಣಗಾಗಲು ಬಿಟ್ಟರೆ ಅದರಲ್ಲಿ ಒಂದಷ್ಟು ಪಿಷ್ಟ ಗಟ್ಟಿಯಾಗಿ, ಜೀರ್ಣವಾಗದೆ ದೊಡ್ಡ ಕರುಳಿನವರೆಗೂ ಹೋಗುತ್ತದೆ. ರಾತ್ರಿ ಬೇಯಿಸಿ ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆಗೆ ಬೆಳಗ್ಗೆ ಮೊಸರು, ಒಗ್ಗರಣೆ ಹಾಕಿದರೆ ಮಕ್ಕಳೂ ತಿನ್ನುತ್ತಾರೆ. ಗೆಡ್ಡೆಯಲ್ಲದಿದ್ದರೂ ಬಾಳೆಕಾಯಿ ಪಲ್ಯ ಇದೇ ಸಾಲಿಗೆ ಸೇರುತ್ತದೆ. ಗೆಣಸು, ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ ಎಲ್ಲವೂ ಸಲ್ಲುತ್ತವೆ. ಮರಗೆಣಸನ್ನು ಮಾತ್ರ ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿ, ಹಸಿಯಾಗಿದ್ದರೆ ಅದರಲ್ಲಿ ವಿಷದ ಅಂಶ ಇರುತ್ತದೆ.

ಇದಕ್ಕೆ ಪುರಾವೆ ಇದೆಯೇ? ಸ್ವಲ್ಪ ಇದೆ. ಪೋಲೆಂಡ್‌ನಲ್ಲಿ ಗ್ಲೂಟೆನ್ ಬಿಟ್ಟಿದ್ದ ಸೀಲಿಯಾಕ್ ಮಕ್ಕಳಿಗೆ ದಿನಕ್ಕೆ 10 ಗ್ರಾಂ ಇನುಲಿನ್ ಮಿಶ್ರಣ ಮೂರು ತಿಂಗಳು ಕೊಟ್ಟು ನೋಡಿದರು. ಬೈಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೇ ಬ್ಯಾಕ್ಟೀರಿಯಾಗಳು ಹೆಚ್ಚಾದವು. ಆದರೆ ಅದು ಪುಡಿ, ತರಕಾರಿ ಅಲ್ಲ. ಅಷ್ಟನ್ನು ಈರುಳ್ಳಿಯಿಂದಲೇ ಪಡೆಯಬೇಕಾದರೆ ಮಗು ದಿನಾ ಕಾಲು ಕೆಜಿಯ ಹತ್ತಿರ ಈರುಳ್ಳಿ ತಿನ್ನಬೇಕು. ಯಾವ ಮನೆಯಲ್ಲೂ ಆಗದ ಮಾತು, ಅಲ್ವಾ? ಆಗಲೂ ಬೇಡ, ಯಾಕೆಂದರೆ ಇನುಲಿನ್ ಹುದುಗುವಾಗ ಗ್ಯಾಸ್ ಆಗುತ್ತದೆ. ನಿಮ್ಮ ಮಗಳಿಗೆ ಈಗಾಗಲೇ ಹೊಟ್ಟೆಯುಬ್ಬರ ಇದೆ. ಆದ್ದರಿಂದ ಗೆಣಸು, ಕ್ಯಾರೆಟ್‌ನಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಸಿ. ಈರುಳ್ಳಿಯನ್ನು ಒಂದೊಂದು ಚಮಚದಂತೆ ನಿಧಾನಕ್ಕೆ ಏರಿಸಿ. ಬೇಯಿಸಿದ ನೀರು ಚೆಲ್ಲಬೇಡಿ, ಇನುಲಿನ್ ನೀರಿನಲ್ಲಿ ಕರಗುತ್ತದೆ. ಸಾರಿಗೆ ಹಾಕಿಬಿಡಿ.

ಗೆಡ್ಡೆಗಿಂತ ಅದರ ಜೊತೆ ಬಾಣಲೆಗೆ ಬೀಳುವುದರ ಮೇಲೆ ನನಗೆ ಜಾಸ್ತಿ ಅನುಮಾನ. ಸುವರ್ಣಗೆಡ್ಡೆ ಫ್ರೈಗೆ ಗರಿಗರಿಯಾಗಲಿ ಅಂತ ಚಿರೋಟಿ ರವೆ ಹೊರಳಿಸುತ್ತೇವೆ. ರವೆ ಅಂದರೆ ಗೋಧಿಯೇ. ಅಕ್ಕಿತರಿ ಬಳಸಿ. ರಾಗಿ, ಜೋಳ, ಅಕ್ಕಿಯಲ್ಲಿ ಗ್ಲೂಟೆನ್ ಇಲ್ಲ, ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ ಹಿಟ್ಟಿನ ಜೊತೆ ಗೋಧಿಯೂ ಮನೆಗೆ ಬರುತ್ತದೆ. ಗ್ಲೂಟೆನ್-ಫ್ರೀ ಎಂದು ಬರೆಯಬೇಕಾದರೆ ಒಂದು ಕೆಜಿ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲೂಟೆನ್ ಇರಬಾರದು. ಗಿರಣಿಯ ಕಲ್ಲಿಗೆ ಅಂಟಿದ ಹಿಟ್ಟು ಆ ಲೆಕ್ಕ ಮೀರಲು ಎಷ್ಟು ಹೊತ್ತು!

ಇನ್ನೊಂದು, ಇಂಗು. ಅಂಗಡಿಯ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟು, ಹಿಟ್ಟು ಬೆರೆಸಿ ಮಾಡಿದ್ದು, ಆ ಹಿಟ್ಟು ಬಹಳ ಸಲ ಗೋಧಿಯದ್ದೇ. ಆಲೂಗಡ್ಡೆ ಪಲ್ಯಕ್ಕೆ ಗ್ಯಾಸ್ ಆಗದಿರಲಿ ಅಂತ ಒಂದು ಚಿಟಿಕೆ ಹಾಕುತ್ತೇವಲ್ಲ, ಅದರಲ್ಲೇ ಇರುತ್ತೆ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ.

ಕೊನೆಗೆ, ಮನೆಯ ದೊಡ್ಡವರು ಕೇಳುವುದು: ಕಾಫಿಪುಡಿಯಲ್ಲಿರುವ ಚಿಕೋರಿ ಕೂಡ ಒಂದು ಗಿಡದ ಬೇರು ಅಲ್ವಾ? ಹೌದು. ಹಸಿ ಚಿಕೋರಿ ಬೇರಿನಷ್ಟು ಇನುಲಿನ್ ಇರುವ ಪದಾರ್ಥ ಕಮ್ಮಿ, ಕಾರ್ಖಾನೆಗಳು ಇನುಲಿನ್ ತೆಗೆಯುವುದೂ ಮುಖ್ಯವಾಗಿ ಅದರಿಂದಲೇ. ಹುರಿದಾಗ ಅದರಲ್ಲಿ ಒಂದು ಪಾಲು ಒಡೆದುಹೋಗುತ್ತದೆ, ಲೋಟಕ್ಕೆ ಬೀಳುವ ಡಿಕಾಕ್ಷನ್ನೂ ಸ್ವಲ್ಪವೇ. ಗ್ಲೂಟೆನ್ ಅಂತೂ ಇಲ್ಲ. ಧೈರ್ಯವಾಗಿ ಕುಡಿಯಲಿ.