ನೋವು ಶುರುವಾಗಿದ್ದು ಎಷ್ಟು ಹೊತ್ತಿಗೆ?

ಶಿಡ್ಲಘಟ್ಟದ ನಮ್ಮ ಮಾವ ರೇಷ್ಮೆ ರೀಲರ್. ಒಂದು ದಿನ ಬೆಳಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೊರಟವರು ಎದೆ ಹಿಡಿದುಕೊಂಡು ಜಗಲಿ ಮೇಲೆ ಕೂತುಬಿಟ್ಟರು. ಮೈಯೆಲ್ಲ ಬೆವರು. "ಗ್ಯಾಸ್ ಕಣೋ, ಒಂದು ಸೋಡಾ ತಗೊಂಬಾ" ಅಂದರು. ಸೋಡಾ ಬಂತು, ಜೀರಿಗೆ ಕಷಾಯ ಬಂತು, ಅತ್ತೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನ್ ಇದೆಯಾ ಅಂತ ಟೆಸ್ಟ್ ಕಾರ್ಡಿನ ಮೇಲೆ ರಕ್ತ ಹಾಕಿದರು, ಒಂದೇ ಗೆರೆ ಬಂತು. "ಟ್ರೋಪ್ ನೆಗೆಟಿವ್, ಹಾರ್ಟ್ ಅಲ್ಲ, ಮನೆಗೆ ಹೋಗಿ" ಅಂದರು. ಮಧ್ಯಾಹ್ನ ಮತ್ತೆ ನೋವು. ಬೇರೆ ಆಸ್ಪತ್ರೆಯಲ್ಲಿ ಅದೇ ಪರೀಕ್ಷೆ ಮಾಡಿದಾಗ ಎರಡು ಗೆರೆ ಮೂಡಿದ್ದವು, ಅಂದರೆ ಪಾಸಿಟಿವ್.

ಮೊದಲ ಟೆಸ್ಟ್ ಸುಳ್ಳು ಹೇಳಿತಾ? ಇಲ್ಲ. ನಾವು ತುಂಬ ಬೇಗ ಕೇಳಿದ್ದೆವು. ಈ ಒಂದು ವಿಷಯ ಜನರಿಗೆ ಗೊತ್ತಿಲ್ಲವಲ್ಲ ಅನ್ನೋದೇ ನನ್ನ ಸಂಕಟ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್‌ಗಳನ್ನು ಒಂದರ ಮೇಲೊಂದು ಪೇರಿಸಿರುವುದನ್ನು ನೋಡಿದ್ದೀರಲ್ವಾ? ನಡುವಿನ ಬಾಕ್ಸಿನಲ್ಲಿ ಹಣ್ಣು ಜಜ್ಜಿಹೋದರೆ ಅದು ತಕ್ಷಣ ಯಾರಿಗೂ ಕಾಣುವುದಿಲ್ಲ. ರಸ ಮೆಲ್ಲಗೆ ಇಳಿದು ನೆಲ ಒದ್ದೆಯಾದಾಗಲೇ ಗೊತ್ತಾಗುವುದು. ಹೃದಯದಲ್ಲೂ ಹೀಗೆಯೇ. ರಕ್ತನಾಳ ಮುಚ್ಚಿಕೊಂಡು ಸುಮಾರು 20 ನಿಮಿಷ ಕಳೆದ ಮೇಲೆ ಸ್ನಾಯುವಿನ ಕೋಶಗಳು ಸಾಯಲು ಶುರುವಾಗುತ್ತವೆ. ಸತ್ತ ಕೋಶದ ಪೊರೆ ಹರಿಯಬೇಕು, ಒಳಗಿದ್ದದ್ದು ಹೊರಗೆ ಸೋರಬೇಕು, ಅದು ರಕ್ತಕ್ಕೆ ಸೇರಬೇಕು, ಮೆಷಿನ್ ಹಿಡಿಯುವಷ್ಟು ಜಾಸ್ತಿಯಾಗಬೇಕು. ಮಾಮೂಲಿ ಟ್ರೋಪೋನಿನ್ ಟೆಸ್ಟಿಗೆ ಇದಕ್ಕೆ 3ರಿಂದ 6 ಗಂಟೆ ಬೇಕು. ಮಾವನ ರಕ್ತ ಮೊದಲು ತೆಗೆದದ್ದು ನೋವು ಶುರುವಾದ ಒಂದೇ ಗಂಟೆಯೊಳಗೆ.

ಸೋರಿದ್ದನ್ನು ಹಿಡಿದು ಹೃದಯಾಘಾತ ಗುರುತಿಸುವ ಈ ಉಪಾಯಕ್ಕೆ 70 ವರ್ಷ ದಾಟಿದೆ. 1954ರಲ್ಲಿ ಅಮೆರಿಕದ ಲಾಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ಮೂವರು, ಹೃದಯಾಘಾತ ಆದವರ ರಕ್ತದಲ್ಲಿ ಎಸ್‌ಜಿಒಟಿ ಎಂಬ ಎಂಜೈಮ್ (ಕೋಶದೊಳಗಿನ ರಾಸಾಯನಿಕ ಕೆಲಸ ಚುರುಕು ಮಾಡುವ ಪ್ರೋಟೀನ್) ಏರುತ್ತದೆ ಅಂತ ತೋರಿಸಿದರು. ಹೌದು, ನಿಮ್ಮ ಲಿವರ್ ರಿಪೋರ್ಟಿನಲ್ಲಿ ಇರುತ್ತದಲ್ಲ, ಅದೇ ಎಸ್‌ಜಿಒಟಿ! ನನಗೆ ಇದು ಇವತ್ತಿಗೂ ಸೋಜಿಗ. ಒಂದು ಕಾಲಕ್ಕೆ ಹೃದಯಕ್ಕೆ ಸಾಕ್ಷಿ ಹೇಳುತ್ತಿದ್ದದ್ದು ಈಗ ಲಿವರ್ ಕಡೆ ಸಾಕ್ಷಿ. ತೊಂದರೆ ಇದ್ದದ್ದೇ ಅಲ್ಲಿ. ಆ ಎಂಜೈಮ್ ಎರಡು ಕಡೆಯೂ ಇದೆ, ಹಾಗಾಗಿ ಸೋರಿದ್ದು ಯಾವ ಮನೆಯದು ಅಂತ ಹೇಳುವುದು ಕಷ್ಟ. ಆಮೇಲೆ ಎಲ್‌ಡಿಎಚ್, ಸಿಕೆ ಎಂಬ ಬೇರೆ ಎಂಜೈಮ್‌ಗಳ ಟೆಸ್ಟ್ ಬಂದವು. ಸಿಕೆ ಮೈಕೈ ಸ್ನಾಯುಗಳಲ್ಲೂ ತುಂಬಿರುತ್ತದೆ. ದಿನವೆಲ್ಲ ಗುದ್ದಲಿ ಹಿಡಿದು ಅಗೆದವನಿಗೂ ಏರುತ್ತದೆ, ಸೊಂಟಕ್ಕೆ ಚುಚ್ಚಿದ ಇಂಜೆಕ್ಷನ್‌ನಿಂದಲೂ ಏರುತ್ತದೆ. ಅದರಲ್ಲಿ ಹೃದಯದಲ್ಲಿ ಜಾಸ್ತಿ ಇರುವ ಸಿಕೆ-ಎಂಬಿ ಎಂಬ ಬಗೆಯನ್ನು ಬೇರೆಯಾಗಿ ಅಳೆಯಲು ಶುರುಮಾಡಿದ ಮೇಲೆ ಸ್ವಲ್ಪ ನೆಮ್ಮದಿ ಆಯಿತು.

ಟ್ರೋಪೋನಿನ್ ಕಥೆಯೇ ಬೇರೆ. ಮೊದಲನೆಯದಾಗಿ ಅದು ಎಂಜೈಮ್ ಅಲ್ಲವೇ ಅಲ್ಲ. ಹಳೇ ಅಭ್ಯಾಸಕ್ಕೆ ಈಗಲೂ "ಹಾರ್ಟ್ ಎಂಜೈಮ್ ಟೆಸ್ಟ್" ಅಂತೀವಿ, ಆದರೆ ಅದು ಸ್ನಾಯುವಿನ ಎಳೆಯಲ್ಲೇ ಇರುವ ಒಂದು ಪ್ರೋಟೀನ್. ಜಪಾನಿನ ಸೆತ್ಸುರೊ ಎಬಾಶಿ 1965ರ ಹೊತ್ತಿಗೆ ಅದನ್ನು ಕಂಡುಹಿಡಿದಾಗ ಅವರ ತಲೆಯಲ್ಲಿ ಹೃದಯಾಘಾತ ಇರಲಿಲ್ಲ. ಕ್ಯಾಲ್ಸಿಯಂ ಬಂದಾಗ ಸ್ನಾಯು ಹೇಗೆ ಬಿಗಿಯುತ್ತದೆ ಅನ್ನೋದಷ್ಟೇ ಅವರ ಪ್ರಶ್ನೆ. ಟ್ರೋಪೋನಿನ್ ಆ ಕೆಲಸದ ಕೀಲಿ. ಅದರಲ್ಲಿ ಟಿ, ಐ ಎಂಬ ಭಾಗಗಳಿವೆ; ಹೃದಯದ ಟ್ರೋಪೋನಿನ್ ಟಿ ಮತ್ತು ಐ, ಕೈಕಾಲಿನ ಸ್ನಾಯುಗಳಲ್ಲಿರುವ ಟಿ ಮತ್ತು ಐಗಿಂತ ಬೇರೆ. ಅದಕ್ಕೇ ರಕ್ತದಲ್ಲಿ ಸಿಕ್ಕರೆ ಯಾವ ಮನೆಯದು ಅಂತ ಹೇಳಬಹುದು. ಜರ್ಮನಿಯ ಹೈಡಲ್‌ಬರ್ಗಿನ ಹ್ಯೂಗೊ ಕಾಟಸ್ 1989ರಲ್ಲಿ ಟ್ರೋಪೋನಿನ್ ಟಿ ಅಳೆಯುವ ಟೆಸ್ಟ್ ಕೊಟ್ಟರು. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದಯ ವೈದ್ಯರ ಸಂಘಗಳು ಹೃದಯಾಘಾತದ ವ್ಯಾಖ್ಯೆಯನ್ನೇ ಇದರ ಸುತ್ತ ಮತ್ತೆ ಬರೆದವು.

ಇನ್ನೊಂದು ವಿಚಾರ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಿಕೆ-ಎಂಬಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಟ್ರೋಪೋನಿನ್ ಮಾತ್ರ ವಾರ, ಕೆಲವೊಮ್ಮೆ ಎರಡು ವಾರ ಉಳಿಯುತ್ತದೆ. ಯಾಕೆ? ರೇಷ್ಮೆ ಗೂಡನ್ನು ನೆನೆಸಿಕೊಳ್ಳಿ. ಮೇಲಿನ ಸಡಿಲ ನೂಲು ಕೈಗೇ ಬರುತ್ತದೆ. ಒಳಗಿನ ಎಳೆ ಅಂಟಿನಿಂದ ಗಟ್ಟಿಯಾಗಿ ಕೂತಿರುತ್ತದೆ, ಬಿಸಿನೀರಿನಲ್ಲಿ ಬೆಂದಮೇಲೆ ಬಿಡುತ್ತದೆ. ಟ್ರೋಪೋನಿನ್ ಕೂಡ ಸ್ವಲ್ಪ ಮಾತ್ರ ಕೋಶದೊಳಗೆ ಬಿಡಿಯಾಗಿ ಇರುತ್ತದೆ, ಅದು ಮೊದಲು ಸೋರುತ್ತದೆ. ಉಳಿದದ್ದೆಲ್ಲ ಸ್ನಾಯುವಿನ ಎಳೆಗೇ ಕಚ್ಚಿಕೊಂಡಿರುತ್ತದೆ. ಸತ್ತ ಸ್ನಾಯು ಸವೆದಂತೆಲ್ಲ ಅದು ದಿನಗಟ್ಟಲೆ ಬಿಡುತ್ತಾ ಹೋಗುತ್ತದೆ. ಹಾಗಾಗಿ ನಾಲ್ಕು ದಿನ ಗ್ಯಾಸ್ ಅಂತ ಮನೆಯಲ್ಲೇ ಕೂತು ಬಂದವರಲ್ಲೂ ಇದು ಸಿಕ್ಕಿಬೀಳುತ್ತದೆ.

ಈಗಿನ ಹೈ ಸೆನ್ಸಿಟಿವಿಟಿ ಟೆಸ್ಟ್‌ಗಳು ಇನ್ನೂ ಬೇಗ ಹಿಡಿಯುತ್ತವೆ. ಟ್ರೋಪೋನಿನ್ ಟಿ ಆದರೆ ಲೀಟರಿಗೆ 14 ನ್ಯಾನೋಗ್ರಾಂ ಗಡಿ, ಅದನ್ನು ದಾಟಿದರೆ ಜಾಸ್ತಿ ಅಂತ ಲೆಕ್ಕ. ನ್ಯಾನೋಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು! ಆದರೂ ನೋವು ಈಗಷ್ಟೇ ಶುರುವಾಗಿದ್ದರೆ ಒಂದು ಸಲ ನೋಡಿ ಕೈಬಿಡುವ ಹಾಗಿಲ್ಲ. ಒಂದು, ಎರಡು ಅಥವಾ ಮೂರು ಗಂಟೆ ಬಿಟ್ಟು ಮತ್ತೆ ತೆಗೆದು ಏರಿದೆಯಾ ಅಂತ ನೋಡಬೇಕು. ಕಿಡ್ನಿ ಕೆಟ್ಟವರಲ್ಲಿ ಇದು ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರಬಹುದು, ಹೃದಯ ಸ್ನಾಯುವಿನ ಸೋಂಕಿನಲ್ಲೂ ಏರುತ್ತದೆ. ಅದಕ್ಕೇ ಒಂದು ಅಂಕಿಗಿಂತ ಏರಿಳಿತ ಮುಖ್ಯ.

ಇಸಿಜಿಯಲ್ಲೇ ದೊಡ್ಡ ಹೃದಯಾಘಾತ ಕಂಡರೆ ರಕ್ತದ ರಿಪೋರ್ಟಿಗೆ ಕಾಯಲೇಬಾರದು, ಚಿಕಿತ್ಸೆ ಶುರುವಾಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಅದನ್ನು ಕೊಡುವುದು ಇಸಿಜಿ ನೋಡಿ.

2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರಲ್ಲ, ಆಗ ನಮ್ಮ ಬೀದಿಯಲ್ಲೂ ಒಬ್ಬರು "ಅಟ್ಯಾಕ್ ಬರುತ್ತಾ ಅಂತ ಸುಮ್ನೆ ಟ್ರೋಪ್ ಟೆಸ್ಟ್ ಮಾಡಿಸ್ತೀನಿ" ಅಂದರು. ದಯವಿಟ್ಟು ಬೇಡ. ಅದು ಭವಿಷ್ಯ ಹೇಳುವುದಿಲ್ಲ, ಆಗಿಹೋದ ಗಾಯವನ್ನು ಹೇಳುತ್ತದೆ. ಮುಂದಿನದು ತಿಳಿಯಬೇಕಾದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಬೀಡಿ ಸಿಗರೇಟಿನ ಲೆಕ್ಕ ಹಾಕಿ.

ಆ ಮಧ್ಯಾಹ್ನ ಎರಡನೇ ಆಸ್ಪತ್ರೆಯಲ್ಲಿ ನರ್ಸ್ ಮೊದಲು ಕೇಳಿದ್ದು, "ನೋವು ಶುರುವಾಗಿದ್ದು ಎಷ್ಟು ಹೊತ್ತಿಗೆ?" ನಾವು ಮುಖ ಮುಖ ನೋಡಿಕೊಂಡೆವು. ಅತ್ತೆ ಯೋಚಿಸಿ, "ನಾನು ಡೇರಿಗೆ ಹಾಲು ಹಾಕಿ ಬಂದಾಗಲೇ ಕೂತಿದ್ರಮ್ಮ, ಆರೂವರೆ" ಅಂದರು. ಆಕೆ ಕೇಸ್ ಶೀಟಿನ ಮೇಲ್ಗಡೆ 6.30 ಅಂತ ದೊಡ್ಡದಾಗಿ ಬರೆದು, ಪಕ್ಕದಲ್ಲಿ ರಕ್ತ ತೆಗೆದ ಹೊತ್ತು ಬರೆದರು: 1.40.