ಒಗರು ಅಂದರೆ ಕಹಿ ಅಲ್ಲ, ಡ್ರೈ ಅಂದರೆ ಒಗರಲ್ಲ

ಹೋದ ತಿಂಗಳು ಕಲಬುರಗಿಯಲ್ಲಿ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆ. ಯಾರೋ ಒಂದು ಬಾಟಲಿ ಕೆಂಪು ವೈನ್ ತಂದಿದ್ದರು. ಮೊದಲ ಗುಟುಕಿಗೇ ನನ್ನ ಪಕ್ಕದವರು ಮುಖ ಕಿವುಚಿ "ಕಹಿ ಅದ ರೀ" ಅಂದರು. ಎದುರಿಗಿದ್ದವರು ಬಾಟಲಿ ತಿರುಗಿಸಿ ಲೇಬಲ್ ಓದಿದರು. "ಡ್ರೈ ಅಂತ ಬರ್ದಾರ ನೋಡ್ರಿ, ಅದಕ್ಕ ಬಾಯಿ ಒಣಗ್ತದ" ಅಂದರು. ಎರಡೂ ತಪ್ಪು. ಮಾತಿನಲ್ಲಿ ಬಂದರೆ ಬಿಡಬಹುದು. ಆದರೆ ವೈನ್ ಬಗ್ಗೆ ಕನ್ನಡದಲ್ಲಿ ಬರೆಯುವವರೂ ಇದನ್ನೇ ಬರೆಯುತ್ತಾರೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಇಳಿದು ಬಾಯಿ ಬಿಗಿಸುವ ಟ್ಯಾನಿನ್ ಅನ್ನುವ ಅಂಶದ ಮಾತು ಬಂದ ಕಡೆಯಲ್ಲೆಲ್ಲ "ಕಹಿ ಅಂಶ" ಅಂತ ಹಾಕಿ ಮುಂದೆ ಹೋಗುತ್ತಾರೆ. ಕೈಯಲ್ಲೇ ಒಳ್ಳೆಯ ಪದ ಇದ್ದರೂ ಹೀಗೆ ಮಾಡುವುದು ನನಗೆ ಬೇಜಾರು.

ಆ ಪದ ಒಗರು. ಎಳೆ ಪೇರಲಕಾಯಿ ಕಚ್ಚಿದವರಿಗೆ, ನೇರಳೆ ಹಣ್ಣು ತಿಂದು ನಾಲಿಗೆ ದಪ್ಪ ಮಾಡಿಕೊಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆರು ರುಚಿಗಳ ಪಟ್ಟಿಯಲ್ಲಿ ಕಹಿಗೊಂದು ಜಾಗ, ಒಗರಿಗೆ ಬೇರೆಯೇ ಒಂದು ಜಾಗ ಇದೆ. ಹಿರಿಯರು ಸುಮ್ನೆ ಎರಡು ಹೆಸರು ಇಡಲಿಲ್ಲ.

ನಮ್ಮ ಭಾಗದಲ್ಲಿ ಈ ಪದಕ್ಕೆ ನೆಂಟರು ಜಾಸ್ತಿ. ಗಡಿ ದಾಟಿದರೆ ತೆಲುಗಿನವರು ವಗರು ಅನ್ನುತ್ತಾರೆ. ಬೀದರ್, ಕಲಬುರಗಿಯ ಓಣಿಗಳಲ್ಲಿ ದಖನಿ ಮಾತಾಡುವವರ ಬಾಯಲ್ಲಿ ಅದು ಕಸೈಲಾ. ಈ ಕಸೈಲಾ ಬಂದಿದ್ದು ಸಂಸ್ಕೃತದ ಕಷಾಯದಿಂದ. ನೆಗಡಿಯಾದಾಗ ಕುಡಿಯುವ ಕಷಾಯವೂ ಅದೇ ಪದ. ಬೇರು, ತೊಗಟೆ, ಕಾಯಿ ಕುದಿಸಿದರೆ ನೀರಿಗೆ ಇಳಿಯುವ ಒಗರೇ ಆ ಹೆಸರಿನ ಮೂಲ. ಅದೇ ಕಷಾಯಕ್ಕೆ ಇನ್ನೊಂದು ಅರ್ಥವೂ ಇದೆ, ಕೆಂಪು ಬೆರೆತ ಕಾವಿ ಬಣ್ಣ. ಸನ್ಯಾಸಿಗಳ ಕಾಷಾಯ ವಸ್ತ್ರ ಅನ್ನುವುದು ಅಲ್ಲಿಂದಲೇ. ರುಚಿಗೂ ಬಣ್ಣಕ್ಕೂ ಒಂದೇ ಪದ ಯಾಕೆ? ಒಗರು ಕೊಡುವ ತೊಗಟೆ, ಕಾಯಿಗಳಿಂದಲೇ ಬಟ್ಟೆಗೂ ಬಣ್ಣ ಹಾಕುತ್ತಿದ್ದರು. ಎರಡೂ ಒಂದೇ ಗಡಿಗೆಯಿಂದ ಬಂದವು.

ಕನ್ನಡದಲ್ಲೂ ಹೀಗೇ ಆಗಿದೆ. ಒಗರಿಗೆ ತೊಗರು ಅನ್ನುವ ಹಳೆಯ ರೂಪ ಇದೆ. ನಿಘಂಟು ತೆಗೆದರೆ ತೊಗರು ಅಂದರೆ ಒಗರು, ತೊಗರು ಅಂದರೆ ಕೆಂಪು. ತಮಿಳಿನ ತುವರ್ ಕೂಡ ಇದೇ ಎರಡು ಅರ್ಥ ಹೊತ್ತಿದೆ. ಕೆಂಪು ವೈನಿಗೆ ಇದಕ್ಕಿಂತ ಚಂದದ ಪದ ಬೇಕಾ? ಬಣ್ಣವನ್ನೂ ಬಾಯಿಗೆ ಆಗುವುದನ್ನೂ ಒಂದೇ ಉಸಿರಲ್ಲಿ ಹೇಳುತ್ತದೆ. ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆಯವರೇ ತೊಗರು ಅನ್ನುವ ಮಾತನ್ನು ಮರೆತಿದ್ದೇವೆ.

ಟ್ಯಾನಿನ್ ಪದದ ಕಥೆಯೂ ತೊಗಟೆಯದೇ. ಯುರೋಪಿನಲ್ಲಿ ಚರ್ಮ ಹದ ಮಾಡಲು ಓಕ್ ಮರದ ತೊಗಟೆ ಬಳಸುತ್ತಿದ್ದರು. ಆ ತೊಗಟೆಯ ಹೆಸರು ಟ್ಯಾನ್. ಅದರಿಂದ ಟ್ಯಾನಿನ್. ನಮ್ಮಲ್ಲಿ ಅದೇ ಕೆಲಸಕ್ಕೆ ತಂಗಡಿ ಗಿಡದ ತೊಗಟೆ ಇತ್ತು, ಅಳಲೆಕಾಯಿ ಇತ್ತು. ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯೇ.

ಚರ್ಮ ಹದ ಮಾಡುವಾಗ ಆಗುವುದೂ ಬಾಯಲ್ಲಿ ಆಗುವುದೂ ಹೆಚ್ಚು ಕಮ್ಮಿ ಒಂದೇ. ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ತೊಗಲಿನ ಪ್ರೋಟೀನು, ಇಲ್ಲಿ ಎಂಜಲಿನ ಪ್ರೋಟೀನು. ಎಂಜಲಿನ ಜಾರಿಕೆ ಹೋಗುತ್ತದೆ, ನಾಲಿಗೆ ಅಂಗುಳಕ್ಕೆ ಉಜ್ಜುತ್ತದೆ, ಬಾಯಿ ಬಿಗಿಯುತ್ತದೆ. ಹಾಗಾಗಿ ಒಗರು ಮುಖ್ಯವಾಗಿ ಒಂದು ಸ್ಪರ್ಶ. ಕಹಿ ಹಾಗಲ್ಲ, ಅದನ್ನು ನಾಲಿಗೆಯ ರುಚಿಮೊಗ್ಗುಗಳು ಹಿಡಿಯುತ್ತವೆ. ಹಾಗಲಕಾಯಿ ಕಹಿ, ಬೇವು ಕಹಿ. ಅವನ್ನು ತಿಂದಾಗ ಬಾಯಿ ಒಗರಿನಂತೆ ಬಿಗಿಯುವುದಿಲ್ಲ. ಕೆಲವು ವೈನಿನಲ್ಲಿ ಬೀಜದಿಂದ ಕಹಿಯೂ ಇಳಿದಿರುತ್ತದೆ, ನಿಜ. ಆಗ ಎರಡನ್ನೂ ಬೇರೆ ಬೇರೆ ಹೇಳಬೇಕು. ಗುರುತು ಹಿಡಿಯಲು ನುಂಗಿದ ಮೇಲೆ ನಾಲಿಗೆಯನ್ನು ಮೇಲಿನ ಹಲ್ಲಿಗೆ ಮೆಲ್ಲಗೆ ತಿಕ್ಕಿ. ಒರಟಾಗಿ ತಾಗಿದರೆ ಅದು ಒಗರು. ಗುಟುಕಿನಿಂದ ಗುಟುಕಿಗೆ ಅದು ಹೆಚ್ಚುತ್ತಾ ಹೋಗುತ್ತದೆ.

ಕೆಂಪು ವೈನಿಗೇ ಇದು ಜಾಸ್ತಿ ಯಾಕೆಂದರೆ ದ್ರಾಕ್ಷಿ ರಸ ಸಿಪ್ಪೆ, ಬೀಜಗಳ ಜೊತೆಯಲ್ಲೇ ಹುದುಗುತ್ತದೆ. ಬಣ್ಣವೂ ಸಿಪ್ಪೆಯಿಂದ, ಒಗರೂ ಅಲ್ಲಿಂದ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆಯನ್ನು ಮೊದಲೇ ತೆಗೆಯುತ್ತಾರೆ.

ಇನ್ನು ಲೇಬಲ್ ಮೇಲಿನ ಡ್ರೈ. ಇದು ಸಕ್ಕರೆಯ ಮಾತು, ಅಷ್ಟೇ. ಹಣ್ಣಿನ ಸಕ್ಕರೆ ಪೂರ್ತಿ ಹುದುಗಿ ಸಿಹಿ ಉಳಿಯದಿದ್ದರೆ ಅದು ಡ್ರೈ. ಯುರೋಪಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಇದ್ದರೆ ಹಾಗೆ ಬರೆಯುತ್ತಾರೆ. ಬಿಳಿ ವೈನ್ ಒಗರಿಲ್ಲದೆಯೂ ಡ್ರೈ ಆಗಿರುತ್ತದೆ. ಪೋರ್ಟ್ ವೈನ್ ಸಿಹಿಯಾಗಿದ್ದೂ ಒಗರಾಗಿರುತ್ತದೆ. ಇದನ್ನು "ಒಣ ವೈನ್" ಅಂತ ಕನ್ನಡ ಮಾಡುವವರು ದಯವಿಟ್ಟು ನಿಲ್ಲಿಸಬೇಕು. ಸಿಹಿ ಇಲ್ಲದ ವೈನ್ ಅಂದರೆ ಸಾಕು.

ಒಗರು ಎಷ್ಟಿದೆ ಅಂತ ತಿಳಿಯಬೇಕಾ? ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಓದಿ. ಕ್ಯಾಬರ್ನೆ ಸೊವಿನ್ಯೋ ಇದ್ದರೆ ಒಗರು ಜಾಸ್ತಿ. ಪಿನೋ ನ್ವಾರ್ ಇದ್ದರೆ ಸಾಮಾನ್ಯವಾಗಿ ಕಮ್ಮಿ. ಲೇಬಲ್ ಮೇಲಿನ ಚಿತ್ರ ಅದನ್ನು ಹೇಳುವುದಿಲ್ಲ. ಹಾಗಂತ ಚಿತ್ರ ನೋಡಬೇಡಿ ಅನ್ನುತ್ತಿಲ್ಲ. ಅವತ್ತಿನ ಲೇಬಲ್ ನನಗೆ ತುಂಬಾ ಹಿಡಿಸಿತು. ಕಡುಗಪ್ಪು ಕಾಗದ, ಅದರ ಮೇಲೆ ಬೆಳ್ಳಿ ಗೆರೆಯ ಒಂದೇ ಬಳ್ಳಿ. ನೋಡಿದ ಕೂಡಲೇ ಬಿದ್ರಿ ನೆನಪಾಯಿತು. ಬೀದರ್ ಕೋಟೆಯ ಮಣ್ಣು ಸತು, ತಾಮ್ರದ ಮೈಯನ್ನು ಕಪ್ಪಾಗಿಸಿ ಬೆಳ್ಳಿಯನ್ನು ಮಾತ್ರ ಹಾಗೇ ಬಿಡುತ್ತದಲ್ಲ, ಅಂಥದ್ದೇ ಹಿಡಿತ ಆ ಲೇಬಲಿಗೂ ಇತ್ತು. ಬಳ್ಳಿಯ ಸುತ್ತ ಜಾಗ ಖಾಲಿ ಬಿಡಲು ಧೈರ್ಯ ಬೇಕು. ಫ್ರಾನ್ಸಿನಲ್ಲಿ ವೈನ್ ಮಾಡುವ ಶಾಟೊ ಮೂತೊ ರೋಶೀಲ್ಡ್‌ನವರು 1945ರಿಂದ ಹೆಚ್ಚುಕಮ್ಮಿ ಪ್ರತಿ ವರ್ಷದ ಲೇಬಲಿಗೂ ಒಬ್ಬ ಕಲಾವಿದರ ಚಿತ್ರ ಹಾಕುತ್ತಾ ಬಂದಿದ್ದಾರೆ. 1973ರದಕ್ಕೆ ಪಿಕಾಸೊ, 2009ರದಕ್ಕೆ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. ಅಲ್ಲೂ ಚಿತ್ರ ಮೇಲೆ, ವೈನಿನ ವಿವರ ಕೆಳಗೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಅವತ್ತು ಊಟಕ್ಕೆ ಜೋಳದ ರೊಟ್ಟಿ, ಖಾರ ಕಮ್ಮಿ ಹಾಕಿದ ಮಟನ್ ಇತ್ತು. ಮಾಂಸದ ಪ್ರೋಟೀನು, ಕೊಬ್ಬು ಒಗರನ್ನು ಇಳಿಸುತ್ತವೆ. ಚಹಾಕ್ಕೆ ಹಾಲು ಬಿದ್ದಾಗ ಆಗುವುದೂ ಇದೇ. ನಾಲ್ಕು ತುತ್ತು ತಿಂದು ಇನ್ನೊಂದು ಗುಟುಕು ಕುಡಿದ ಪಕ್ಕದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಈಗ ಒಗರು ಕಮ್ಮಿ ಆತಲ್ರಿ" ಅಂದರು.